ಉತ್ತರದ ನೆಲದ ಉಸಿರು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವೀಡನ್ನಿನ ಉತ್ತರ ತುದಿಯ ಜೌಗು ನೆಲಗಳಲ್ಲಿ ನಾನು ಕೆಲವು ವರ್ಷ ಅನಿಲ ಅಳೆಯುವ ಕೆಲಸ ಮಾಡಿದ್ದೇನೆ. ಊರಿಗೆ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಎದುರಾಗುತ್ತವೆ. ಚಿಕ್ಕಪ್ಪ ಕೇಳಿದ್ದನ್ನೇ ಕಾಲೇಜಿನ ಹುಡುಗರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನೆಲ ಮತ್ತು ಗಾಳಿಯ ನಡುವೆ ಅನಿಲ ವಿನಿಮಯ ಅಂದರೆ ಏನು?

ಕೊಡುವುದು, ತೆಗೆದುಕೊಳ್ಳುವುದು. ಗಿಡಮರಗಳು ಬೆಳಕಿದ್ದಾಗ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಬೆಳೆಯುತ್ತವೆ. ಉಸಿರಾಡುವಾಗ ಅದರಲ್ಲಿ ಒಂದಿಷ್ಟನ್ನು ವಾಪಸ್ ಬಿಡುತ್ತವೆ. ಉದುರಿದ ಎಲೆ, ಸತ್ತ ಬೇರು ಮಣ್ಣಲ್ಲಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಇನ್ನಷ್ಟು ಬಿಡುತ್ತವೆ. ನೀರು ನಿಂತ ಜಾಗವಾದರೆ ಮೀಥೇನ್ ಕೂಡ ಹೊರಬರುತ್ತದೆ.

ಇದನ್ನು ಅಳೆಯುವುದು ಯಾಕೆ ಕಷ್ಟ ಅಂದರೆ, ಬರುವುದೂ ದೊಡ್ಡ ಮೊತ್ತ, ಹೋಗುವುದೂ ದೊಡ್ಡ ಮೊತ್ತ, ಉಳಿಯುವುದು ಮಾತ್ರ ಸಣ್ಣದು. ಫಿನ್ಲೆಂಡಿನ ಹ್ಯೂಟಿಯಾಲಾ ಎಂಬಲ್ಲಿನ ಪೈನ್ ಕಾಡು ವರ್ಷಕ್ಕೆ ಒಂದು ಚದರ ಮೀಟರಿನಲ್ಲಿ ಸುಮಾರು 1,000 ಗ್ರಾಂ ಇಂಗಾಲ ಎಳೆದುಕೊಳ್ಳುತ್ತದೆ. ಸುಮಾರು 800 ಗ್ರಾಂ ಉಸಿರಾಟದಲ್ಲಿ, ಕೊಳೆಯುವುದರಲ್ಲಿ ವಾಪಸ್ ಹೋಗುತ್ತದೆ. ಉಳಿಯುವುದು 200 ಗ್ರಾಂ ಆಸುಪಾಸು. ಜಮಾ ಕಡೆ ಶೇಕಡ 10ರಷ್ಟು ತಪ್ಪು ನುಸುಳಿದರೂ ಸಾಕು, ಉಳಿತಾಯದ ಲೆಕ್ಕ ಅರ್ಧಕ್ಕೆ ಇಳಿದುಬಿಡುತ್ತದೆ. ಮುಂದೆ ಹೇಳುವ ಎಲ್ಲ ಪಾಡೂ ಈ ಒಂದು ಕಾರಣಕ್ಕೆ.

ಜಗತ್ತಿನಲ್ಲಿ ಎಷ್ಟೊಂದು ಕಾಡಿದೆ. ಉತ್ತರದ ನೆಲವೇ ಯಾಕೆ?

ಅಲ್ಲಿ ತುಂಬಾ ಹಳೆಯ ದಾಸ್ತಾನು ಇದೆ. ನಮ್ಮ ಮಲೆನಾಡಿನಲ್ಲಿ ಬಿದ್ದ ಎಲೆ ಒಂದೆರಡು ಮಳೆಗಾಲದಲ್ಲಿ ಮಣ್ಣಾಗುತ್ತದೆ. ಅಲ್ಲಿ ಹಾಗಲ್ಲ. ಚಳಿಗೆ, ನಿಂತ ನೀರಿಗೆ ಸತ್ತ ಪಾಚಿ ಮತ್ತು ಹುಲ್ಲು ಪೂರ್ತಿ ಕೊಳೆಯುವುದಿಲ್ಲ. ಸಾವಿರಾರು ವರ್ಷ ಪದರದ ಮೇಲೆ ಪದರ ಕೂತು ಪೀಟ್ ಆಗಿದೆ. ಕೈಯಲ್ಲಿ ಹಿಂಡಿದರೆ ಕಂದು ನೀರು ಇಳಿಯುತ್ತದೆ, ಒಳಗೆ ಹಳೆಯ ಕಾಂಡದ ಎಳೆಗಳು ಇನ್ನೂ ಕಾಣುತ್ತವೆ. ತೀರಾ ಉತ್ತರದಲ್ಲಿ ಇದರ ಕೆಳಗೆ ಪರ್ಮಾಫ್ರಾಸ್ಟ್ ಇದೆ. ಬೇಸಿಗೆಯಲ್ಲೂ ಕರಗದೆ ಹೆಪ್ಪುಗಟ್ಟಿಯೇ ಇರುವ ನೆಲಕ್ಕೆ ಆ ಹೆಸರು.

ಈ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ 1,460ರಿಂದ 1,600 ಶತಕೋಟಿ ಟನ್ ಇಂಗಾಲ ಇದೆ ಎಂದು ಅಂದಾಜು. ಈಗ ಇಡೀ ವಾತಾವರಣದಲ್ಲಿ ಇರುವುದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು. ಆ ಕಡೆ ಆರ್ಕ್ಟಿಕ್ ಪ್ರದೇಶ 1979ರಿಂದೀಚೆಗೆ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ದಾಸ್ತಾನಿನ ಬಾಗಿಲು ಎಷ್ಟು ತೆರೆದಿದೆ ಎಂದು ಊಹೆ ಮಾಡಿಕೊಂಡು ಕೂರುವಂತಿಲ್ಲ. ಹೋಗಿ ಅಳೆಯಲೇಬೇಕು.

ನೆಲದ ಮೇಲೆ ಪೆಟ್ಟಿಗೆ ಬೋರಲು ಹಾಕಿ ಅಳೆಯುತ್ತಾರಂತೆ, ನಿಜವೇ?

ನಿಜ. ಅದಕ್ಕೆ ಚೇಂಬರ್ ಅನ್ನುತ್ತೇವೆ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಸರಳ ವಿಧಾನ. ಮೊದಲು ಒಂದು ಲೋಹದ ಬಳೆಯನ್ನು ಪೀಟಿನೊಳಗೆ ಇಳಿಸಿ ಹಾಗೇ ಬಿಟ್ಟಿರುತ್ತೇವೆ. ಅಳೆಯುವ ದಿನ ಅದರ ಮೇಲೆ ಪೆಟ್ಟಿಗೆ ಕೂರಿಸುತ್ತೇವೆ. ಒಳಗೆ ಪುಟ್ಟ ಫ್ಯಾನ್ ಗಾಳಿಯನ್ನು ಕಲಕುತ್ತಿರುತ್ತದೆ. ಒಂದು ಟ್ಯೂಬು ಆ ಗಾಳಿಯನ್ನು ಅನಿಲ ಅಳೆಯುವ ಯಂತ್ರಕ್ಕೆ ಒಯ್ದು ವಾಪಸ್ ತರುತ್ತದೆ. ಕೆಲವು ನಿಮಿಷಗಳಲ್ಲಿ ಒಳಗಿನ ಮೀಥೇನ್ ಎಷ್ಟು ಏರಿತು, ಕಾರ್ಬನ್ ಡೈಆಕ್ಸೈಡ್ ಎಷ್ಟು ಇಳಿಯಿತು ಅಥವಾ ಏರಿತು ಎಂದು ನೋಡಿದರೆ ಆ ತುಂಡು ನೆಲದ ಲೆಕ್ಕ ಸಿಗುತ್ತದೆ.

ಪಾರದರ್ಶಕ ಪೆಟ್ಟಿಗೆ ಇಟ್ಟರೆ ಗಿಡ ಕೆಲಸ ಮಾಡುತ್ತಲೇ ಇರುತ್ತದೆ. ಅದೇ ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿದರೆ ಬೆಳಕಿಲ್ಲ, ಬರೀ ಉಸಿರಾಟ. ಎರಡನ್ನೂ ಒಂದಾದ ಮೇಲೊಂದು ಅಳೆದು ಕಳೆದರೆ ಗಿಡ ಎಳೆದುಕೊಂಡದ್ದು ಎಷ್ಟು ಎಂದು ಗೊತ್ತಾಗುತ್ತದೆ. ಇಷ್ಟು ಸುಲಭದ ಉಪಾಯ ಇಷ್ಟು ದೊಡ್ಡ ವಿಷಯ ಹೇಳುತ್ತದಲ್ಲ ಎಂದು ನನಗೆ ಈಗಲೂ ಖುಷಿಯಾಗುತ್ತದೆ.

ಒಂದೇ ಎಚ್ಚರ. ಪೆಟ್ಟಿಗೆಯ ಪಕ್ಕದ ಪೀಟನ್ನು ಕಾಲಲ್ಲಿ ಒತ್ತಿದರೆ ಒಳಗೆ ಸಿಕ್ಕಿಕೊಂಡ ಗುಳ್ಳೆಗಳು ಬುಳುಬುಳು ಮೇಲೆ ಬರುತ್ತವೆ. ಆಗ ಯಂತ್ರ ಅಳೆಯುವುದು ನೆಲದ ಉಸಿರನ್ನಲ್ಲ, ನಿಮ್ಮ ಕಾಲಿನ ಭಾರವನ್ನು. ಅದಕ್ಕೇ ಜೌಗಿನಲ್ಲಿ ಎಲ್ಲ ಕಡೆ ಹಲಗೆಯ ಕಾಲುದಾರಿ ಹಾಕಿರುತ್ತಾರೆ.

ಕಂಬ ನೆಟ್ಟು ಅದರ ಮೇಲೂ ಯಂತ್ರ ಇಡುತ್ತಾರಂತೆ, ಅದು ಏನು ಮಾಡುತ್ತದೆ?

ಚೇಂಬರ್ ನೋಡುವುದು ಒಂದು ಊಟದ ಎಲೆಯಷ್ಟು ಜಾಗವನ್ನು. ಜೌಗಿನಲ್ಲಿ ಒಂದು ಹೆಜ್ಜೆ ಒಣ ದಿಬ್ಬ, ಮುಂದಿನ ಹೆಜ್ಜೆ ನೀರಗುಂಡಿ. ಎಷ್ಟು ಪೆಟ್ಟಿಗೆ ಇಟ್ಟರೂ ಸಾಲದು. ಇಡೀ ನೆಲದ ಲೆಕ್ಕ ಒಟ್ಟಿಗೆ ಬೇಕಾದರೆ ಗಾಳಿಯನ್ನೇ ಕೇಳಬೇಕು. ಆ ವಿಧಾನದ ಹೆಸರು ಎಡ್ಡಿ ಕೋವೇರಿಯನ್ಸ್. ಎಡ್ಡಿ ಅಂದರೆ ಸುಳಿ.

ನೆಲದ ಹತ್ತಿರ ಗಾಳಿ ನೇರವಾಗಿ ಬೀಸುವುದಿಲ್ಲ. ದೊಡ್ಡ ಸುಳಿ, ಅದರೊಳಗೆ ಚಿಕ್ಕ ಸುಳಿ, ಹೀಗೆ ಉರುಳುತ್ತ ಹೋಗುತ್ತದೆ. ಕೆಲವು ಸುಳಿಗಳು ಗಾಳಿಯನ್ನು ಮೇಲಕ್ಕೆ ಒಯ್ಯುತ್ತವೆ, ಕೆಲವು ಕೆಳಕ್ಕೆ ತರುತ್ತವೆ. ಸಂತೆಯ ದಿನ ಊರ ಬಾಗಿಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಹೋಗುವ ಗಾಡಿ, ಬರುವ ಗಾಡಿ ಲೆಕ್ಕಕ್ಕೆ ಸರಿಸಮ. ಆದರೆ ಹೋಗುವ ಗಾಡಿಯಲ್ಲಿ ಮೂಟೆ ಜಾಸ್ತಿ, ಬರುವ ಗಾಡಿಯಲ್ಲಿ ಕಮ್ಮಿ. ಹಾಗಾದರೆ ಊರಿಂದ ಸರಕು ಹೊರಗೆ ಹೋಗುತ್ತಿದೆ ಎಂದು ಗೊತ್ತಾಯಿತು, ಅಲ್ವಾ? ಒಂದೊಂದು ಗಾಡಿ ಎತ್ತ ಹೋಗುತ್ತಿದೆ, ಎಷ್ಟು ಮೂಟೆ ಹೊತ್ತಿದೆ ಎಂಬ ಎರಡೇ ವಿಷಯ ಬೇಕು.

ಕಂಬದ ಮೇಲೆ ಇರುವುದೂ ಎರಡೇ ಯಂತ್ರ. ಒಂದು ಸೋನಿಕ್ ಅನಿಮೋಮೀಟರ್, ಅಂದರೆ ಶಬ್ದದಿಂದ ಗಾಳಿಯ ವೇಗ ಅಳೆಯುವ ಯಂತ್ರ. ಅದಕ್ಕೆ ತಿರುಗುವ ಬಟ್ಟಲುಗಳಿಲ್ಲ. ಎದುರುಬದುರು ಇರುವ ಪುಟ್ಟ ಕಡ್ಡಿಗಳು ಒಂದಕ್ಕೊಂದು ಶಬ್ದ ಕಳಿಸುತ್ತವೆ. ಗಾಳಿ ಬೀಸುವ ದಿಕ್ಕಿನಲ್ಲಿ ಶಬ್ದ ಬೇಗ ತಲುಪುತ್ತದೆ, ಎದುರು ದಿಕ್ಕಿನಲ್ಲಿ ತಡ. ಆ ವ್ಯತ್ಯಾಸದಿಂದ ಗಾಳಿ ಅಡ್ಡಕ್ಕೆ ಎಷ್ಟು, ಮೇಲೆ ಕೆಳಗೆ ಎಷ್ಟು ಎಂದು ತಿಳಿಯುತ್ತದೆ. ಇನ್ನೊಂದು ಅನಿಲ ಅಳೆಯುವ ಯಂತ್ರ. ಅದು ಇನ್ಫ್ರಾರೆಡ್ ಅಥವಾ ಲೇಸರ್ ಬೆಳಕು ಹಾಯಿಸಿ ಎಷ್ಟು ಹೀರಿಕೆಯಾಯಿತು ಎಂದು ನೋಡುತ್ತದೆ. ಎರಡೂ ಸೆಕೆಂಡಿಗೆ 10 ಅಥವಾ 20 ಸಲ ಅಳೆಯುತ್ತವೆ. 10 ಸಲ ಅಂದರೂ ಅರ್ಧ ಗಂಟೆಗೆ 18,000 ಅಳತೆ. ಅಷ್ಟನ್ನೂ ಸೇರಿಸಿದಾಗ ಒಂದೇ ಒಂದು ಸಂಖ್ಯೆ ಹುಟ್ಟುತ್ತದೆ: ಈ ಅರ್ಧ ಗಂಟೆಯಲ್ಲಿ ನೆಲ ಕೊಟ್ಟಿತೇ, ತೆಗೆದುಕೊಂಡಿತೇ, ಎಷ್ಟು?

ಇದರ ಹಿಂದಿನ ಗಣಿತ 1895ರಷ್ಟು ಹಳೆಯದು, ಬ್ರಿಟನ್ನಿನ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಕೊಟ್ಟದ್ದು. ಆಸ್ಟ್ರೇಲಿಯಾದಲ್ಲಿ ಸ್ವಿನ್‌ಬ್ಯಾಂಕ್ 1951ರಲ್ಲೇ ಈ ದಾರಿಯಲ್ಲಿ ಬಿಸಿ ಮತ್ತು ತೇವದ ಹರಿವು ಅಳೆದು ತೋರಿಸಿದ್ದರು. ಆದರೆ ಇಷ್ಟು ಚುರುಕಾಗಿ ಅನಿಲ ಅಳೆಯುವ ಯಂತ್ರ, ಅಷ್ಟು ಅಂಕಿ ತುಂಬಿಡುವ ಕಂಪ್ಯೂಟರ್ ಬಂದದ್ದು ಬಹಳ ತಡವಾಗಿ. ವರ್ಷಪೂರ್ತಿ ನಿಲ್ಲಿಸದೆ ಅಳೆಯುವುದು ರೂಢಿಯಾದದ್ದು 1990ರ ದಶಕದಲ್ಲಿ.

ಕಂಬ ಎಷ್ಟು ದೂರದ ನೆಲವನ್ನು "ನೋಡುತ್ತದೆ"?

ಗಾಳಿ ಬರುವ ಕಡೆಯ ನೆಲವನ್ನು ಮಾತ್ರ. ಗಾಳಿ ತಿರುಗಿದರೆ ಅದು ನೋಡುವ ನೆಲವೂ ತಿರುಗುತ್ತದೆ. ಎರಡು ಮೂರು ಮೀಟರ್ ಎತ್ತರದ ಕಂಬವಾದರೆ ಕೆಲವು ನೂರು ಮೀಟರ್. ಕಾಡಿನ ಮೇಲೆ ಎದ್ದು ನಿಂತ ಗೋಪುರವಾದರೆ ಅದಕ್ಕಿಂತ ದೂರ. ಪಶ್ಚಿಮದಲ್ಲಿ ಕೆರೆ, ಪೂರ್ವದಲ್ಲಿ ಜೌಗು ಇದ್ದರೆ ಎರಡನ್ನೂ ಬೇರೆಬೇರೆ ಮಾಡಿ ಲೆಕ್ಕ ಹಾಕಬೇಕು. ಸುಮ್ನೆ ಸರಾಸರಿ ತೆಗೆದರೆ ಎರಡಕ್ಕೂ ಸಲ್ಲದ ಉತ್ತರ ಬರುತ್ತದೆ.

ಗ್ರಾಫಿನಲ್ಲಿ ಮೈನಸ್ ಯಾಕೆ ಬರುತ್ತದೆ?

ನಾವು ಲೆಕ್ಕ ಇಡುವುದು ಗಾಳಿಯ ಕಡೆಯಿಂದ. ನೆಲ ಅನಿಲವನ್ನು ಎಳೆದುಕೊಂಡರೆ ಗಾಳಿಗೆ ನಷ್ಟ, ಅದಕ್ಕೆ ಮೈನಸ್. ಬಿಟ್ಟರೆ ಪ್ಲಸ್. ಬೇಸಿಗೆ ಮಧ್ಯಾಹ್ನ ಗೆರೆ ಸೊನ್ನೆಯ ಕೆಳಗೆ ಆಳಕ್ಕೆ ಇಳಿದರೆ ಗಿಡಗಳು ಚೆನ್ನಾಗಿ ದುಡಿಯುತ್ತಿವೆ ಎಂದರ್ಥ.

ಮೀಥೇನ್ ಅಂದರೆ ನಮ್ಮ ಗೋಬರ್ ಗ್ಯಾಸೇ ತಾನೇ?

ಹೌದು, ಅದರಲ್ಲಿ ಉರಿಯುವ ಪಾಲು ಮೀಥೇನೇ. ಗಾಳಿ ಆಡದ ತೊಟ್ಟಿಯಲ್ಲಿ ಸಗಣಿ ಕಲಸಿಟ್ಟರೆ ಏನಾಗುತ್ತದೋ ಜೌಗಿನ ತಳದಲ್ಲೂ ಅದೇ ಆಗುತ್ತದೆ. ಆಮ್ಲಜನಕ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳ ಕೆಲಸ ಅದು. ಇಟಲಿಯ ವೋಲ್ಟಾ 1776ರಲ್ಲಿ ಮಜೋರೆ ಸರೋವರದ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು, ಅದು ಉರಿಯುವ ಗಾಳಿ ಎಂದು ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಕೊಳ್ಳಿದೆವ್ವ ಎಂದು ಹೇಳುವ ಬೆಳಕಿಗೂ ಜೌಗಿನ ಅನಿಲವೇ ಕಾರಣ ಎಂಬ ವಿವರಣೆ ಇದೆ.

ಕೆಳಗೆ ಹುಟ್ಟಿದ್ದೆಲ್ಲ ಮೇಲೆ ಬರುವುದಿಲ್ಲ, ಇದು ನನಗೆ ತುಂಬಾ ಇಷ್ಟವಾದ ಭಾಗ. ನೀರಿನ ಮಟ್ಟದ ಮೇಲಿನ ಪಾಚಿಯಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಕಾದು ಕೂತಿರುತ್ತವೆ. ನೀರು ಒಂದು ಗೇಣು ಕೆಳಗಿಳಿದರೆ ಅವಕ್ಕೆ ಆಮ್ಲಜನಕ ಸಿಗುತ್ತದೆ, ಬಹುಪಾಲು ಮೀಥೇನನ್ನು ದಾರಿಯಲ್ಲೇ ತಿಂದುಬಿಡುತ್ತವೆ. ಆದರೆ ತುದಿಯಲ್ಲಿ ಹತ್ತಿಯಂಥ ಬಿಳಿ ಕುಚ್ಚು ಬಿಡುವ ಒಂದು ಜೊಂಡು ಅಲ್ಲಿ ಬೆಳೆಯುತ್ತದೆ. ಬೇರಿಗೆ ಉಸಿರು ಕಳಿಸಲು ಅದರ ಕಾಂಡದೊಳಗೆ ಟೊಳ್ಳು ಕೊಳವೆ ಇದೆ. ಮೀಥೇನ್ ಅದೇ ಕೊಳವೆಯಲ್ಲಿ, ಬ್ಯಾಕ್ಟೀರಿಯಾಗಳ ಕೈಗೆ ಸಿಗದೆ, ಚಿಮಣಿಯಿಂದ ಹೊಗೆ ಹೋದಂತೆ ಹೊರಗೆ ಹೋಗುತ್ತದೆ. ನೀರು ನಿಂತ ಗದ್ದೆಯಲ್ಲಿ ಭತ್ತದ ಪೈರೂ ಇದನ್ನೇ ಮಾಡುತ್ತದೆ.

ಗಾಳಿಯಲ್ಲಿ ಮೀಥೇನ್ ಇರುವುದು ಕಮ್ಮಿ, ಹತ್ತು ಲಕ್ಷದಲ್ಲಿ ಎರಡು ಪಾಲೂ ಇಲ್ಲ. ಅದೇ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಾಲು ದಾಟಿದೆ. ಆದರೆ ತೂಕಕ್ಕೆ ತೂಕ ನೋಡಿದರೆ, ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಕೆರೆಗಳಿಂದಲೂ ಬರುತ್ತದೆಯೇ?

ಬರುತ್ತದೆ, ಅದೂ ಗುಳ್ಳೆಗಳಾಗಿ. ಪರ್ಮಾಫ್ರಾಸ್ಟ್ ಕರಗಿ ನೆಲ ಕುಸಿದಲ್ಲಿ ಕೆರೆ ಹುಟ್ಟುತ್ತದೆ. ಹಳೆಯ ಮಣ್ಣು ತಳಕ್ಕೆ ಜಾರಿ ಅಲ್ಲಿ ಮೀಥೇನ್ ಆಗುತ್ತದೆ. ಅಲಾಸ್ಕಾ ವಿಶ್ವವಿದ್ಯಾಲಯದ ಕೇಟಿ ವಾಲ್ಟರ್ ಆಂಥನಿ ಮತ್ತು ಜೊತೆಗಾರರು ಸೈಬೀರಿಯಾದ ಚೆರ್ಸ್ಕಿ ಸುತ್ತಲಿನ ಕೆರೆಗಳಲ್ಲಿ ಅಳೆದು, ಹೊರಬರುವ ಮೀಥೇನಿನ ಶೇಕಡ 95ರಷ್ಟು ಗುಳ್ಳೆಗಳಿಂದಲೇ ಎಂದು 2006ರಲ್ಲಿ ಪ್ರಕಟಿಸಿದರು. ಗುಳ್ಳೆ ಹಿಡಿಯುವ ಸಾಧನ ನೀರೊಳಗೆ ಬಿಡಿಸಿಟ್ಟ ಕೊಡೆಯಂತೆ ಇರುತ್ತದೆ. ನೆತ್ತಿಯಲ್ಲಿ ಸೀಸೆ, ಏರಿ ಬಂದ ಗುಳ್ಳೆ ಅದರಲ್ಲಿ ಕೂಡಿಕೊಳ್ಳುತ್ತದೆ. ಕೆರೆ ಹೆಪ್ಪುಗಟ್ಟಿದ ಹೊಸದರಲ್ಲಿ ಕನ್ನಡಿಯಂಥ ಮಂಜುಗಡ್ಡೆಯೊಳಗೆ ಗುಳ್ಳೆಗಳು ಬಿಳಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಸಿಕ್ಕಿಕೊಂಡಿರುತ್ತವೆ. ಹಿಮ ಬಿದ್ದು ಮುಚ್ಚುವ ಮೊದಲು ಮಂಜುಗಡ್ಡೆಯ ಮೇಲೆ ನಡೆದು ಅವನ್ನು ಎಣಿಸುತ್ತಾರೆ.

ರಾತ್ರಿಯೂ ಯಂತ್ರ ಸರಿಯಾಗಿ ಅಳೆಯುತ್ತದೆಯೇ?

ಗಾಳಿ ಇದ್ದರೆ ಅಳೆಯುತ್ತದೆ. ನಿಶ್ಶಬ್ದ ರಾತ್ರಿಗಳಲ್ಲಿ ಇಲ್ಲ. ಸುಳಿ ಇಲ್ಲದಿದ್ದರೆ ಸಂತೆಗೆ ಗಾಡಿಯೇ ಹೊರಡುವುದಿಲ್ಲ. ನೆಲ ಬಿಟ್ಟ ಅನಿಲ ಕೆಳಗೇ ಮಡುಗಟ್ಟಿ, ತಣ್ಣನೆಯ ಗಾಳಿಯ ಜೊತೆ ತಗ್ಗಿಗೆ ಹರಿದು ಹೋಗುತ್ತದೆ. ಕಂಬಕ್ಕೆ ಅದು ಕಾಣುವುದೇ ಇಲ್ಲ. ಅಂಥ ಹೊತ್ತಿನ ಅಂಕಿಗಳನ್ನು ನಾವೇ ತೆಗೆದುಹಾಕುತ್ತೇವೆ.

ಚಳಿಗಾಲದಲ್ಲಿ ಎಲ್ಲ ಹೆಪ್ಪುಗಟ್ಟಿರುತ್ತದೆ. ಆಗ ಅಳೆದು ಏನು ಪ್ರಯೋಜನ?

ನನ್ನನ್ನು ಕೇಳಿದರೆ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಬಹಳ ಕಾಲ ವಿಜ್ಞಾನಿಗಳೂ ಹೀಗೇ ಅಂದುಕೊಂಡಿದ್ದರು. ಜೂನಿನಲ್ಲಿ ಹೋಗಿ ಆಗಸ್ಟ್ ಕೊನೆಗೆ ಗಂಟುಮೂಟೆ ಕಟ್ಟಿ ವಾಪಸ್ ಬರುತ್ತಿದ್ದರು. ಚಳಿಗಾಲದ ಲೆಕ್ಕಕ್ಕೆ ಸೊನ್ನೆಯೋ, ಸೊನ್ನೆಗೆ ಹತ್ತಿರದ ಅಂಕಿಯೋ ಹಾಕುತ್ತಿದ್ದರು.

ಗ್ರೀನ್‌ಲ್ಯಾಂಡಿನ ಈಶಾನ್ಯದಲ್ಲಿ, 74 ಡಿಗ್ರಿ ಉತ್ತರದಲ್ಲಿ, ಜ್ಯಾಕನ್‌ಬರ್ಗ್ ಎಂಬ ಕೇಂದ್ರ ಇದೆ. 2007ರಲ್ಲಿ ಅಲ್ಲಿನ ತಂಡ ಎಂದಿನ ಹಾಗೆ ಬೇಗ ಮುಗಿಸದೆ, ನೆಲ ಹೆಪ್ಪುಗಟ್ಟುವವರೆಗೂ ಅಳೆಯಿತು. ಬೇಸಿಗೆ ಕಳೆದ ಮೇಲೆ ಮೀಥೇನ್ ಇಳಿಯುತ್ತ ಬಂದಿತ್ತು. ನೆಲ ಹೆಪ್ಪುಗಟ್ಟತೊಡಗಿದಾಗ ಇದ್ದಕ್ಕಿದ್ದಂತೆ ಮತ್ತೆ ಏರಿತು. ಆ ಕೆಲವು ವಾರಗಳಲ್ಲಿ ಹೊರಬಂದದ್ದು ಹೆಚ್ಚುಕಮ್ಮಿ ಇಡೀ ಬೇಸಿಗೆಯಲ್ಲಿ ಬಂದಷ್ಟೇ ಇತ್ತು. ಕೆಳಗೆ ಪರ್ಮಾಫ್ರಾಸ್ಟ್, ಮೇಲಿಂದ ಇಳಿಯುತ್ತಿರುವ ಹೆಪ್ಪು, ನಡುವೆ ಸಿಕ್ಕಿಬಿದ್ದ ಅನಿಲ ಹಿಂಡಿದಂತೆ ಹೊರಗೆ ಬಂತು ಎಂಬುದು ಅವರ ವಿವರಣೆ. ಮುಂಚಿನ ಹಾಗೆ ಆಗಸ್ಟಿನಲ್ಲೇ ಹೊರಟಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ.

ಇನ್ನೂ ಒಂದು ವಿಷಯ ಇದೆ. ಹೊರಗೆ ಮೈನಸ್ 15 ಡಿಗ್ರಿ ಇದ್ದರೂ ಹಿಮದ ಹೊದಿಕೆಯ ಕೆಳಗೆ ಮಣ್ಣು ವಾರಗಟ್ಟಲೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಹೆಪ್ಪುಗಟ್ಟುವಾಗ ತಾನೇ ಬಿಸಿ ಬಿಡುವುದರಿಂದ ಹೀಗಾಗುತ್ತದೆ. ಅಷ್ಟೂ ದಿನ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಲೇ ಇರುತ್ತವೆ. ಅಲಾಸ್ಕಾದ ಐದು ಕಂಬಗಳ ಅಳತೆಯಿಂದ 2016ರಲ್ಲಿ ಗೊತ್ತಾದದ್ದು ಇದು: ವರ್ಷದ ಮೀಥೇನಿನ ಅರ್ಧವೋ ಇನ್ನೂ ಜಾಸ್ತಿಯೋ ಸೆಪ್ಟೆಂಬರಿನಿಂದ ಮೇವರೆಗಿನ ಚಳಿಯ ತಿಂಗಳುಗಳಲ್ಲೇ ಬರುತ್ತದೆ. ಕಾರ್ಬನ್ ಡೈಆಕ್ಸೈಡಿಗೂ ಹೀಗೇ. ಪರ್ಮಾಫ್ರಾಸ್ಟ್ ಪ್ರದೇಶದ ಚಳಿಗಾಲದ ಅಳತೆಗಳನ್ನೆಲ್ಲ ಕೂಡಿಸಿ 2019ರಲ್ಲಿ ಒಂದು ಅಂದಾಜು ಬಂತು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸುಮಾರು 1.7 ಶತಕೋಟಿ ಟನ್ ಇಂಗಾಲ ಹೊರಗೆ ಹೋಗುತ್ತದೆ. ಗಿಡ ಬೆಳೆಯುವ ಕಾಲದಲ್ಲಿ ಒಳಗೆ ಬರುವುದು ಕಂಪ್ಯೂಟರ್ ಮಾದರಿಗಳ ಪ್ರಕಾರ ಸುಮಾರು 1 ಶತಕೋಟಿ ಟನ್.

ಚಳಿಗಾಲದಲ್ಲೂ ಕಾಡು ಕಾರ್ಬನ್ ಎಳೆದುಕೊಳ್ಳುತ್ತದೆ ಎಂದು ಹಳೆಯ ಅಳತೆಗಳಲ್ಲಿ ಓದಿದ್ದೆ. ಅದು ಸುಳ್ಳೇ?

ಅಂಥ ಅಂಕಿಗಳು ನಿಜವಾಗಿಯೂ ಬರುತ್ತಿದ್ದವು. ಹಿಮ ಮುಚ್ಚಿದೆ, ಎಲೆ ಇಲ್ಲ, ಬೆಳಕಿಲ್ಲ, ಆದರೂ ಯಂತ್ರ "ನೆಲ ಎಳೆದುಕೊಳ್ಳುತ್ತಿದೆ" ಅನ್ನುತ್ತಿತ್ತು. ಕಾರಣ ಯಂತ್ರದೊಳಗೇ ಇತ್ತು. ತೆರೆದ ಗಾಳಿಯಲ್ಲಿ ಅಳೆಯುವ ಯಂತ್ರದ ಮೈ ಒಳಗಿನ ವಿದ್ಯುತ್ತಿನಿಂದ ಸ್ವಲ್ಪ ಬಿಸಿಯಾಗುತ್ತದೆ. ಕೊರೆಯುವ ಚಳಿಯಲ್ಲಿ ಆ ಬಿಸಿ ಎದುರಿನ ಗಾಳಿಯನ್ನು ಹಿಗ್ಗಿಸುತ್ತದೆ. ಹಿಗ್ಗಿದ ಗಾಳಿಯಲ್ಲಿ ಒಂದು ಲೀಟರಿಗೆ ಸಿಗುವ ಅನಿಲ ಕಮ್ಮಿ. ಲೆಕ್ಕ ಅದನ್ನೇ ನೆಲ ಎಳೆದುಕೊಂಡಿತು ಎಂದು ಓದುತ್ತದೆ. ಗಾಳಿಯ ಸಾಂದ್ರತೆ ಬದಲಾಗುವುದಕ್ಕೆ ತಿದ್ದುಪಡಿಯನ್ನು ವೆಬ್, ಪಿಯರ್ಮನ್, ಲ್ಯೂನಿಂಗ್ ಎಂಬ ಮೂವರು 1980ರಲ್ಲೇ ಕೊಟ್ಟಿದ್ದರು. ಯಂತ್ರದ ಸ್ವಂತ ಬಿಸಿಗೆ ತಿದ್ದುಪಡಿ ಬಂದದ್ದು 2008ರಲ್ಲಿ. ಈಗ ಚಳಿ ಪ್ರದೇಶದಲ್ಲಿ ಗಾಳಿಯನ್ನು ಟ್ಯೂಬಿನಲ್ಲಿ ಎಳೆದು ಒಳಗೆ ಅಳೆಯುವ ಯಂತ್ರಗಳನ್ನೇ ಹೆಚ್ಚಾಗಿ ಇಡುತ್ತಾರೆ.

ಅಷ್ಟು ಚಳಿಯಲ್ಲಿ ಯಂತ್ರಗಳು ಕೆಡುವುದಿಲ್ಲವೇ?

ಕೆಡುತ್ತವೆ. ಸೋನಿಕ್ ಕಡ್ಡಿಗಳ ಮೇಲೆ ಮಂಜು ಕಟ್ಟುತ್ತದೆ, ಹೀಟರ್ ಹಾಕಿ ಕರಗಿಸಬೇಕು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿ ಹಿಮದ ಕೆಳಗೆ ಓಡಾಡಿ ಕೇಬಲ್ ಕಡಿಯುತ್ತದೆ. ಬೇಸಿಗೆಯಲ್ಲಿ ಜೇಡ ಲೆನ್ಸಿನ ಮೇಲೆ ಬಲೆ ಕಟ್ಟುತ್ತದೆ. ಕಂಬದ ಕೆಳಗಿನ ನೆಲವೇ ಕರಗಿ ಕಂಬ ವಾಲುವುದೂ ಉಂಟು.

ಒಂದು ಡಿಸೆಂಬರಿನಲ್ಲಿ ಟ್ಯೂಬಿನ ಜೋಡಣೆಯೊಂದು ಚಳಿಗೆ ಕುಗ್ಗಿ ಸಡಿಲವಾಗಿತ್ತು. ಅಂಕಿಗಳು ಬರುತ್ತಲೇ ಇದ್ದವು, ನೋಡಲು ಚೆನ್ನಾಗಿಯೇ ಇದ್ದವು. ಯಂತ್ರ ಎಳೆಯುತ್ತಿದ್ದದ್ದು ಮಾತ್ರ ತನ್ನನ್ನು ಇಟ್ಟ ಪೆಟ್ಟಿಗೆಯೊಳಗಿನ ಗಾಳಿಯನ್ನು. ನನಗೆ ಅನುಮಾನ ಬಂದು ಹೋಗಿ ನೋಡುವಷ್ಟರಲ್ಲಿ 16 ದಿನ ಕಳೆದಿದ್ದವು. ಆ 16 ದಿನಗಳನ್ನು ನಾನೇ ಅಳಿಸಿದೆ. ಮತ್ತೆ ಆ ಡಿಸೆಂಬರ್ ಬರುವುದಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ. ಆಮೇಲೆ ವಾರಕ್ಕೊಮ್ಮೆ ಎಲ್ಲ ಜೋಡಣೆಗಳನ್ನೂ ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡೆ.

ಅಳಿಸಿದ ಜಾಗ ಖಾಲಿ ಉಳಿಯುತ್ತದೆಯೇ? ತುಂಬಿಸಿದರೆ ಅದು ಮೋಸವಲ್ಲವೇ?

ವರ್ಷದಲ್ಲಿ 17,520 ಅರ್ಧ ಗಂಟೆಗಳಿವೆ. ಮೂರನೇ ಒಂದು ಪಾಲು ಕಾಣೆಯಾಗುವುದು ಸಾಮಾನ್ಯ. ವರ್ಷದ ಮೊತ್ತ ಬೇಕಾದರೆ ಆ ಜಾಗ ತುಂಬಿಸಲೇಬೇಕು. ಅದೇ ಬಿಸಿಲು, ಅದೇ ತಾಪಮಾನ ಇದ್ದ ಅಕ್ಕಪಕ್ಕದ ದಿನಗಳಲ್ಲಿ ನೆಲ ಏನು ಮಾಡಿತ್ತು ಎಂದು ನೋಡಿ ಅಂದಾಜು ಹಾಕುತ್ತಾರೆ. ಯಾವುದು ಅಳೆದದ್ದು, ಯಾವುದು ತುಂಬಿಸಿದ್ದು ಎಂದು ಪ್ರತಿ ಸಾಲಿಗೂ ಗುರುತು ಹಾಕಿದ್ದರೆ ಮೋಸವಲ್ಲ. ಆ ಗುರುತು ಇಲ್ಲದ ಅಂಕಿಪಟ್ಟಿಯನ್ನು ನಾನು ನಂಬುವುದಿಲ್ಲ. ಒಂದೆರಡು ಗಂಟೆಯ ಖಾಲಿ ತುಂಬಿಸುವುದು ಸುಲಭ. ಜನವರಿ ಇಡೀ ಖಾಲಿಯಿದ್ದರೆ ಯಾವ ಗಣಿತವೂ ಅದನ್ನು ನಂಬುವ ಹಾಗೆ ತುಂಬಿಸಲಾರದು.

ಉಪಗ್ರಹದಿಂದ ಅಳೆದರೆ ಆಗದೇ? ಈ ಕಷ್ಟ ಯಾಕೆ?

ಉಪಗ್ರಹ ತುಂಬಾ ಸಹಾಯ ಮಾಡುತ್ತದೆ. 2017ರಲ್ಲಿ ಹಾರಿದ ಸೆಂಟಿನೆಲ್ 5ಪಿ ಭೂಮಿಯ ಮೀಥೇನ್ ನಕ್ಷೆಯನ್ನು ದಿನದಿನವೂ ತೆಗೆಯುತ್ತಿದೆ. ಆದರೆ ಅದು ನೋಡುವುದು ನೆಲದಿಂದ ವಾಪಸ್ ಬರುವ ಸೂರ್ಯನ ಬೆಳಕನ್ನು. ಉತ್ತರದಲ್ಲಿ ಚಳಿಗಾಲವೆಂದರೆ ಕತ್ತಲೆ. ಬೇಸಿಗೆಯಲ್ಲಿ ಮೋಡ. ಹಿಮ ನಮ್ಮ ಕಣ್ಣಿಗೆ ಬೆಳ್ಳಗಿದ್ದರೂ ಆ ಯಂತ್ರ ನೋಡುವ ಬೆಳಕಿನಲ್ಲಿ ಕಪ್ಪು. ನಮಗೆ ತುರ್ತಾಗಿ ಬೇಕಾದ ತಿಂಗಳುಗಳಲ್ಲೇ ಅದಕ್ಕೆ ಕಣ್ಣು ಕಾಣುವುದಿಲ್ಲ.

ನಡುವಿನ ದಾರಿ ಎತ್ತರದ ಗೋಪುರಗಳು. ಸೈಬೀರಿಯಾದ ಯೆನಿಸೇ ನದಿಯ ಬಳಿ, ಜೋಟಿನೋ ಹತ್ತಿರ 2006ರಲ್ಲಿ 304 ಮೀಟರ್ ಎತ್ತರದ ಗೋಪುರ ನಿಲ್ಲಿಸಿದರು. ಅಷ್ಟು ಮೇಲೆ ಬರುವ ಗಾಳಿ ನೂರಾರು ಕಿಲೋಮೀಟರ್ ಕಾಡಿನ ಸುದ್ದಿ ತರುತ್ತದೆ. ಆ ಸುದ್ದಿ ಯಾವ ಕಾಡಿನದು ಎಂದು ಗಾಳಿಯ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ಹುಡುಕುತ್ತಾರೆ.

ಈ ಅಳತೆಗಳನ್ನು ಯಾರು ನಡೆಸುತ್ತಾರೆ?

ಯೂರೋಪಿನಲ್ಲಿ ಐಕಾಸ್ ಎಂಬ ಜಾಲ ಇದೆ, ಮುಖ್ಯ ಕಚೇರಿ ಹೆಲ್ಸಿಂಕಿಯಲ್ಲಿ. ಅದರ ಕೇಂದ್ರಗಳೆಲ್ಲ ಒಂದೇ ಪದ್ಧತಿಯಲ್ಲಿ ಅಳೆಯುತ್ತವೆ. ಜಗತ್ತಿನ ಕಂಬಗಳನ್ನೆಲ್ಲ ಜೋಡಿಸುವ ಜಾಲದ ಹೆಸರು ಫ್ಲಕ್ಸ್‌ನೆಟ್. ನಾನು ಮೊದಲು ಹೇಳಿದ ಹ್ಯೂಟಿಯಾಲಾದಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸ್ಮಿಯರ್ 2 ಕೇಂದ್ರ 1990ರ ದಶಕದ ನಡುವಿನಿಂದ ನಿಲ್ಲದೆ ನಡೆಯುತ್ತಿದೆ. ಅಲ್ಲಿನ ಪೈನ್ ಕಾಡನ್ನು 1962ರಲ್ಲಿ ಬೀಜ ಬಿತ್ತಿ ಬೆಳೆಸಿದ್ದು. ಹತ್ತಿರದಲ್ಲೇ ಇರುವ ಸೀಕನೇವಾ ಜೌಗಿನಲ್ಲಿ 2005ರಿಂದ ಮೀಥೇನ್ ಅಳೆಯುತ್ತಾರೆ.

ಸ್ವೀಡನ್ನಿನ ಅಬಿಸ್ಕೊ ಬಳಿಯ ಸ್ಟೋರ್ಡಾಲೆನ್ ಜೌಗಿನ ಮೀಥೇನ್ ಅಳತೆಗಳು 1970ರ ದಶಕದಷ್ಟು ಹಿಂದಕ್ಕೆ ಹೋಗುತ್ತವೆ. ಅಬಿಸ್ಕೊದ ಹವಾಮಾನ ದಾಖಲೆ 1913ರಿಂದ ಇದೆ. ಅಲ್ಲಿ ಪರ್ಮಾಫ್ರಾಸ್ಟ್ ಇದ್ದ ಒಣ ದಿಬ್ಬಗಳು ಕುಸಿದು, ಪಾಚಿಯ ಜಾಗಕ್ಕೆ ನೀರು, ನೀರಿನ ಜಾಗಕ್ಕೆ ಜೊಂಡು ಬರುತ್ತಿದೆ. ಜೊಂಡು ಬಂದರೆ ಮೀಥೇನ್ ಏರುತ್ತದೆ. ಒಂದೇ ಜಾಗಕ್ಕೆ ಇಷ್ಟು ವರ್ಷ ಹೋಗಿದ್ದರಿಂದಲೇ ಇದು ಗೊತ್ತಾದದ್ದು.

ನಕ್ಷೆಯಲ್ಲಿ ರಷ್ಯಾದ ಕಡೆ ಇಷ್ಟು ಖಾಲಿ ಯಾಕೆ?

ಮೊದಲಿಂದಲೂ ಅಲ್ಲಿ ಕಂಬಗಳು ವಿರಳ. ದೂರ, ಖರ್ಚು, ವಿದ್ಯುತ್ತಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಪಶ್ಚಿಮದ ಸಂಸ್ಥೆಗಳಿಗೂ ರಷ್ಯಾದ ಕೇಂದ್ರಗಳಿಗೂ ಇದ್ದ ಕೆಲಸದ ನಂಟು ಬಹುಮಟ್ಟಿಗೆ ಕಡಿದುಹೋಯಿತು. ಆರ್ಕ್ಟಿಕ್ ನೆಲದ ದೊಡ್ಡ ಪಾಲು ಇರುವುದು ಅಲ್ಲೇ. ಅದನ್ನು ಬಿಟ್ಟು ಹಾಕಿದ ಲೆಕ್ಕ ಒಂದು ಕಡೆಗೆ ವಾಲುತ್ತದೆ. ಒಬ್ಬರು ಟ್ಯೂಬು ಕೊಟ್ಟು, ಇನ್ನೊಬ್ಬರು ಅಂಕಿ ಕೊಟ್ಟು ಇಪ್ಪತ್ತು ವರ್ಷ ಕಟ್ಟಿದ ಕೆಲಸ ಅದು. ನೆನೆದರೆ ಬೇಸರವಾಗುತ್ತದೆ.

ಕೊನೆಗೆ ಉತ್ತರದ ನೆಲ ಕಾರ್ಬನ್ ಎಳೆದುಕೊಳ್ಳುತ್ತಿದೆಯೋ, ಬಿಡುತ್ತಿದೆಯೋ?

ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಸುಮಾರು 200 ಜಾಗಗಳ ಅಳತೆಗಳನ್ನು ಕೂಡಿಸಿದ ಒಂದು ಅಧ್ಯಯನ 2025ರಲ್ಲಿ ಬಂತು. ಟಂಡ್ರಾ (ಮರ ಬೆಳೆಯದ ಚಳಿಯ ಬಯಲು) ಮತ್ತು ಉತ್ತರದ ಕಾಡುಗಳ ಒಟ್ಟು ವಿಸ್ತಾರದಲ್ಲಿ ಶೇಕಡ 34ರಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುವ ನೆಲವಾಗಿದೆ ಎಂದು ಅದು ಹೇಳುತ್ತದೆ. ಕಾಡ್ಗಿಚ್ಚಿನ ಹೊಗೆ ಸೇರಿಸಿದರೆ ಶೇಕಡ 40. ಉಳಿದ ಕಡೆ, ಮುಖ್ಯವಾಗಿ ಕಾಡುಗಳು, ಇನ್ನೂ ಎಳೆದುಕೊಳ್ಳುತ್ತಿವೆ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ 2024ರ ಡಿಸೆಂಬರಿನಲ್ಲಿ ಕೊಟ್ಟ ಆರ್ಕ್ಟಿಕ್ ವರದಿ, ಬೆಂಕಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಟಂಡ್ರಾ ಈಗ ಒಟ್ಟಾರೆ ಬಿಡುವ ಕಡೆಗೆ ತಿರುಗಿದೆ ಎಂದಿತು. ಬೇಸಿಗೆ ಉದ್ದವಾಗಿದೆ, ಗಿಡ ಜಾಸ್ತಿ ಬೆಳೆಯುತ್ತಿದೆ, ನಿಜ. ಆದರೆ ಆ ಗಳಿಕೆಯನ್ನು ಶರತ್ಕಾಲ, ಚಳಿಗಾಲ ಮತ್ತು ಬೆಂಕಿ ತಿನ್ನುತ್ತಿವೆ.

ನಮ್ಮ ಕಡೆ ಇಂಥ ಅಳತೆ ನಡೆದಿದೆಯೇ?

ನಡೆದಿದೆ. 2016ರ ಮುಂಗಾರು ಅಧ್ಯಯನಕ್ಕಾಗಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಧಾರವಾಡದಲ್ಲಿ ಮತ್ತು ಗುಂಡ್ಲುಪೇಟೆ ಬಳಿಯ ಬೇರಂಬಾಡಿಯಲ್ಲಿ ಇದೇ ವಿಧಾನದ ಕಂಬಗಳನ್ನು ಇಟ್ಟು, ಹೊಲದಿಂದ ಗಾಳಿಗೆ ಹೋಗುವ ಬಿಸಿ ಮತ್ತು ತೇವವನ್ನು ಅಳೆದರು. ಉತ್ತರದಲ್ಲಿ ಭಾರತಕ್ಕೆ ಒಂದು ನೆಲೆಯೂ ಇದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ಹಿಮಾದ್ರಿ ಕೇಂದ್ರ ಕೆಲಸ ಮಾಡುತ್ತಿದೆ.

ನಾನು ವಿದ್ಯಾರ್ಥಿ. ಈ ಕೆಲಸಕ್ಕೆ ಸೇರಲು ಏನು ಓದಬೇಕು?

ಭೌತಶಾಸ್ತ್ರ, ಸಸ್ಯಶಾಸ್ತ್ರ, ಕೃಷಿ, ಎಲೆಕ್ಟ್ರಾನಿಕ್ಸ್, ಯಾವ ಬಾಗಿಲಿಂದಲಾದರೂ ಒಳಗೆ ಬರಬಹುದು. ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಿ. ಪೈಥಾನ್ ಅಥವಾ ಆರ್ ಎಂಬ ಕಂಪ್ಯೂಟರ್ ಭಾಷೆ ಕಲಿಯಿರಿ. ವೈರ್ ಬೆಸೆಯಲು ಬಂದರೆ ಇನ್ನೂ ಒಳ್ಳೆಯದು. ಕಂಬ ನೋಡಲು ಸ್ವೀಡನ್ನಿಗೆ ಹೋಗುವವರೆಗೆ ಕಾಯಬೇಕಿಲ್ಲ. ಐಕಾಸ್ ಮತ್ತು ಫ್ಲಕ್ಸ್‌ನೆಟ್ ಅಂಕಿಗಳು ಉಚಿತ. ಒಂದು ಕೇಂದ್ರದ ಒಂದು ವರ್ಷದ ಕಡತ ಇಳಿಸಿಕೊಂಡು, ಜುಲೈ ತಿಂಗಳ ಒಂದು ದಿನವನ್ನು ಗ್ರಾಫ್ ಮಾಡಿ ನೋಡಿ. ಆಮೇಲೆ ಅದೇ ಕಡತದಲ್ಲಿ ಜನವರಿಯನ್ನು ತೆಗೆದು, ಎಷ್ಟು ಸಾಲುಗಳಲ್ಲಿ ತುಂಬಿಸಿದ ಗುರುತಿದೆ ಎಂದು ಎಣಿಸಿ.